ಮೃಗಶಿರಾ ಮಳೆಗೆ ಮುಂಚೆ ನಮ್ಮ ಶಾಲೆಗೊಂದು ಹೊಸ ಮಾಡು: ಶರಾವತಿ ಹಿನ್ನೀರಿನ ಬಂಧುಗಳಲ್ಲಿ ಮನವಿ

ಸಾಗರ ತಾಲ್ಲೂಕಿನ ಕರೂರು-ಬಾರಂಗಿ ಹೋಬಳಿಯ ಬಂಧುಗಳೇ, ಊರು ಬಿಟ್ಟು ಸಾಗರ, ಶಿವಮೊಗ್ಗ, ಬೆಂಗಳೂರು ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳೇ,

ಕಳೆದ ಆಶ್ಲೇಷಾ ಮಳೆಯಲ್ಲಿ ನಮ್ಮ ಪ್ರೌಢಶಾಲೆಯ ಮೂಡಣ ಸಾಲಿನ ಹಂಚಿನ ಮಾಡು ಕುಸಿದ ಸುದ್ದಿ ನಿಮಗೆಲ್ಲ ಮುಟ್ಟಿದೆ. ಕುಸಿದದ್ದು ರಾತ್ರಿ, ಅಮ್ಮನವರ ದಯೆ, ಮಕ್ಕಳಿರಲಿಲ್ಲ. ಹಂಚು ಹೊತ್ತ ಮರದ ಪಕಾಸಿಗಳನ್ನು ಒರಲೆ ಹುಳು ಒಳಗಿಂದಲೇ ತಿಂದಿತ್ತು. ಅಂದಿನಿಂದ ಎಂಟನೇ ಮತ್ತು ಒಂಬತ್ತನೇ ತರಗತಿ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿವೆ. ಉಳಿದ ಮಾಡಿಗೆ ತಾಡಪಾಲು ಹೊದಿಸಿದ್ದೇವೆ. ಮೇ ಕೊನೆಯೊಳಗೆ ಕಟ್ಟಡ ಸುರಕ್ಷಿತವೆಂಬ ಪ್ರಮಾಣಪತ್ರ ಸಿಗದಿದ್ದರೆ ಜೂನ್‌ನಲ್ಲಿ ಆ ಸಾಲಿನ ಬಾಗಿಲು ತೆರೆಯುವಂತಿಲ್ಲ.

ಶಾಲೆ ಹೇಗೆ ಎದ್ದು ನಿಂತಿತೆಂದು ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳದೆ ಇರಲಾಗುತ್ತಿಲ್ಲ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದಾಗ ಒಮ್ಮೆ ಗದ್ದೆ ಕಳಕೊಂಡಿದ್ದೆವು. 1964ರಲ್ಲಿ ವಿದ್ಯುತ್ತಿಗಾಗಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಆ ಹಳೆ ಅಣೆಕಟ್ಟೇ ನೀರಡಿ ಹೋಯಿತು. ಬೇಸಿಗೆಯಲ್ಲಿ ನೀರಿಳಿದರೆ ಈಗಲೂ ತಲೆ ತೋರಿಸುತ್ತದೆ. ಲಾರಿ ಹತ್ತಿ ದೂರದ ತಾಲ್ಲೂಕುಗಳಿಗೆ ಹೋದವರು ಹೋದರು. ಉಳಿದವರು ಗುಡ್ಡ ಏರಿದರು. ಮೂರು ಕಡೆ ಶರಾವತಿ, ಹಿಂದೆ ಘಟ್ಟ. ನಾಡಿಗೆ ಬೆಳಕು ಕೊಟ್ಟ ನೆಲದವರು ವರ್ಷಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದರು.

ಅಂಥ ದಿನಗಳಲ್ಲಿ ಒಂದು ದೀಪಾವಳಿಗೆ ಅಂಟಿಗೆ-ಪಂಟಿಗೆಯವರು ರಾತ್ರಿಯಿಡೀ ಜ್ಯೋತಿ ಹಿಡಿದು ಮನೆಮನೆಗೆ ಹಾಡುತ್ತ ಹೋಗಿ, ಸಿಕ್ಕ ಅಕ್ಕಿ, ಕಾಯಿ, ದುಡ್ಡನ್ನೆಲ್ಲ ಶಾಲೆಯ ಪಾಯಕ್ಕೆ ಕೊಟ್ಟರು. ಹಂಚು ಹಿನ್ನೀರು ದಾಟಿಸುವ ಲಾಂಚಿನಲ್ಲಿ ಬಂತು. ಹೆಂಗಸರು, ಮಕ್ಕಳು ಸಾಲಾಗಿ ನಿಂತು ದಿಬ್ಬದ ಮೇಲಕ್ಕೆ ಕೈಯಿಂದ ಕೈಗೆ ದಾಟಿಸಿದರು. ನನ್ನ ಅಮ್ಮ ಆ ಸಾಲಿನಲ್ಲಿದ್ದಳು. ಮಾಡು ಬಿದ್ದ ಮಾರನೆಯ ಬೆಳಿಗ್ಗೆ ಆ ಹಂಚಿನ ಚೂರು ಆರಿಸುವಾಗ ನನ್ನ ಕೈ ನಡುಗಿತು.

ಸಂಜೆಯ ಲಾಂಚ್ ತಪ್ಪಿದ ದಿನ ಮೇಷ್ಟರುಗಳು ಶಾಲೆಯಲ್ಲೇ ಮಲಗಿ, ಹುಡುಗರ ಮನೆಯ ಗಂಜಿ ಉಂಡು ಪಾಠ ಮಾಡಿದ್ದಾರೆ. ಅವರ ಕೈಯಲ್ಲಿ ಕಲಿತವರು ಇಂದು ವೈದ್ಯರು, ಎಂಜಿನಿಯರು, ಪ್ರಗತಿಪರ ಕೃಷಿಕರು. ನಮ್ಮ ಮಕ್ಕಳ ಯಕ್ಷಗಾನ ತಂಡ ಘಟ್ಟ ಇಳಿದು ಭಟ್ಕಳ, ಕುಂದಾಪುರದ ಕಡೆಯೂ ಆಟ ಆಡಿ ಸೈ ಅನ್ನಿಸಿಕೊಂಡಿದೆ; ಯಕ್ಷಗಾನದ ಊರಿನವರಿಂದಲೇ ಆ ಮಾತು ಬಂದದ್ದು ನಮಗೆ ದೊಡ್ಡದು. ಒಳಗೋಡೆಯ ಹಸೆ ಚಿತ್ತಾರವನ್ನು ದೀವರ ಅಜ್ಜಿಯರು ಕೂತು ಹೆಣ್ಣುಮಕ್ಕಳಿಗೆ ಕಲಿಸಿ ಬರೆಸಿದ್ದರು. ಅದರಲ್ಲಿ ಅರ್ಧವನ್ನು ಮಳೆನೀರು ತೊಳೆದಿದೆ.

2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಸೇತುವೆ ತೆರೆಯಿತು. ಹೆರಿಗೆ ನೋವಿನ ಹೆಂಗಸನ್ನು ಕರಕೊಂಡು ದಡದಲ್ಲಿ ಕಾದವರಿಗೆ ಅದರ ಬೆಲೆ ಗೊತ್ತು. ಸೇತುವೆ ಆಯಿತಲ್ಲ, ಮಕ್ಕಳು ಸಾಗರಕ್ಕೇ ಹೋಗಲಿ ಎಂದು ಕೆಲವರು ಹೇಳುತ್ತಾರೆ. ಅನುಕೂಲ ಇದ್ದವರು ಕಳಿಸುತ್ತಿದ್ದಾರೆ. ಆದರೆ ಕಾಡುದಾರಿಯಲ್ಲಿ ನಡೆದು ಬರುವ, ತಾಯಿ ರಾತ್ರಿಯೆಲ್ಲ ಅಡಿಕೆ ಸುಲಿದು ಓದಿಸುವ ಮಕ್ಕಳು ದಿನಾ ಸಾಗರಕ್ಕೆ ಹೇಗೆ ಹೋದಾರು? ಹತ್ತನೇ ತರಗತಿಯ ಒಬ್ಬ ಹುಡುಗಿಯ ಪುಸ್ತಕವೆಲ್ಲ ಸೋರಿದ ನೀರಿಗೆ ನೆನೆದು ಹೋದವು. ಗೆಳತಿಯರ ಪುಸ್ತಕ ತಂದು ಮೊದಲ ಪುಟದಿಂದ ಎಲ್ಲ ನೋಟ್ಸನ್ನೂ ಮತ್ತೆ ಬರೆದಳು.

ಗೋಡೆ ರಿಪೇರಿ, ಕಬ್ಬಿಣದ ಚೌಕಟ್ಟು, ಹಂಚು ಸೇರಿ ಹದಿನಾಲ್ಕು ಲಕ್ಷದ ಆಸುಪಾಸು ಬೇಕು. ಕೈಯಲ್ಲಿರುವುದು ಐದು ಲಕ್ಷ ಚಿಲ್ಲರೆ. ಶೀಟು ಅಗ್ಗವೇನೋ ಹೌದು, ಆದರೆ ನಮ್ಮ ಮಳೆಗೆ ಶೀಟಿನಡಿ ಮೇಷ್ಟರ ಮಾತು ಮುಂದಿನ ಬೆಂಚಿಗೂ ಕೇಳುವುದಿಲ್ಲ. ಹಾಗಾಗಿ ಹಂಚನ್ನೇ ಹೊದಿಸಬೇಕೆಂದು ತೀರ್ಮಾನಿಸಿದ್ದೇವೆ. ಅಂದು ಲಾಂಚಿಗೆ ಕಾದ ಹಂಚು ಈ ಸಲ ಸೇತುವೆ ದಾಟಿ ಲಾರಿಯಲ್ಲೇ ಶಾಲೆಯ ಅಂಗಳಕ್ಕೆ ಬರುತ್ತದೆ.

ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ, ದಾನಿಗಳ ಪಟ್ಟಿಯಲ್ಲಿ ಹೆಸರು ಬರೆಯುತ್ತೇವೆ. ಹಣ ಆಗದವರು ಒಂದು ದಿನದ ಶ್ರಮದಾನ ಕೊಡಿ. ಅಕ್ಷಯ ತದಿಗೆಯ ಮಾರನೆ ದಿನ ಮಾಡಿನಲ್ಲಿ ಉಳಿದ ಹಳೆ ಹಂಚು ಇಳಿಸುತ್ತೇವೆ. ಇಳಿಸಿದ ಮೇಲೆ ಕೆಲಸ ನಿಲ್ಲಿಸುವಂತಿಲ್ಲ. ಬೆಳಿಗ್ಗೆ ಏಳಕ್ಕೆ ಬನ್ನಿ, ತಿಂಡಿ ಶಾಲೆಯಲ್ಲೇ.

ಆಡಳಿತ ಮಂಡಳಿಯ ಪರವಾಗಿ,
ಕಾರ್ಯದರ್ಶಿ