ಕಂಡಕ್ಟರ್ ಅಂತ ಹೇಳಿಕೊಳ್ಳೋಕೆ ಯಾಕೋ ಸಂಕೋಚ?

ಪ್ರೀತಿಯ ಗೆಳೆಯ,

ನಿನ್ನ ಬ್ಯಾಂಡಿನ ಹೊಸ ಪೋಸ್ಟರ್ ನೋಡಿದೆ. ಚೆನ್ನಾಗಿದೆ. ಆದರೆ ನಿನ್ನ ಫೋಟೋ ಕೆಳಗೆ ಬರೀ 'ಗಾಯಕ' ಅಂತಿದೆ. ತುಮಕೂರು–ಪಾವಗಡ ಬಸ್ಸಿನಲ್ಲಿ ಟಿಕೆಟ್ ಕೊಡುವವನು ಎಲ್ಲಿ ಹೋದ? 'ಕಂಡಕ್ಟರ್ ಅಂತ ಹಾಕಿದರೆ ಜನ ಸೀರಿಯಸ್ಸಾಗಿ ತಗೊಳ್ಳಲ್ಲ' ಅಂತ ಯಾರೋ ಆಯೋಜಕರು ಹೇಳಿದರಂತೆ. ಈಗ ಕೆಲಸವನ್ನೇ ಬಿಡುವ ಯೋಚನೆ ಬೇರೆ. ಓದಿ ಸುಮ್ನಿರೋಕೆ ಆಗಲಿಲ್ಲ ಕಣೋ. ನಿನ್ನ ಹಾಗೆ ಯೋಚಿಸುವವರು ಇನ್ನೂ ಇರುತ್ತಾರೆ, ಅವರೂ ಓದಲಿ ಅಂತ ನಿನ್ನನ್ನು ಕೇಳಿಯೇ ಇದನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ.

ಇಂಡಿಯನ್ ಓಷನ್ ಬ್ಯಾಂಡಿನ ರಾಹುಲ್ ರಾಮ್ ಗೊತ್ತಲ್ಲ, ಬೇಸ್ ಗಿಟಾರ್ ನುಡಿಸುತ್ತಾ ಹಾಡುವವರು. ಅವರು ಅಮೆರಿಕದ ಕಾರ್ನೆಲ್‌ನಲ್ಲಿ ಪಿಎಚ್.ಡಿ. ಮಾಡಿದವರು. ಪರಿಸರಕ್ಕೆ ಸೇರುವ ವಿಷ ಏನು ಮಾಡುತ್ತೆ ಅನ್ನೋದು ಅವರ ಓದು. ವಾಪಸ್ ಬಂದು, ನರ್ಮದಾ ನದಿಯ ಅಣೆಕಟ್ಟಿನ ವಿರುದ್ಧ ನಡೆದ ನರ್ಮದಾ ಬಚಾವೋ ಆಂದೋಲನದಲ್ಲಿ ಓಡಾಡಿದರು. ಆ ಕಣಿವೆಯ ಜನ ನದಿಯನ್ನು ತಾಯಿ ಅಂತ ಕರೆದು ಹಾಡುವ ಹಾಡೇ ಮುಂದೆ ಬ್ಯಾಂಡಿನ 'ಮಾ ರೇವಾ' ಆಯಿತು. 2000ದಲ್ಲಿ ಬಂದ 'ಕಂದೀಸಾ' ಆಲ್ಬಮ್‌ನಲ್ಲಿದೆ, ಇನ್ನೊಂದು ಸಲ ಕೇಳು. ಚಳವಳಿ ಕಡೆ ಹೋಗದೆ ರೂಮಿನಲ್ಲೇ ಕೂತಿದ್ದರೆ ಆ ಹಾಡು ಅವರ ಕಿವಿಗೆ ಬೀಳುತ್ತಿತ್ತಾ?

ರಘು ದೀಕ್ಷಿತ್ ಓದಿದ್ದು ಮೈಕ್ರೋಬಯಾಲಜಿ, ಕಲಿತಿದ್ದು ಭರತನಾಟ್ಯ. ಗಿಟಾರ್ ಬಂದದ್ದು ಆಮೇಲೆ. ಅವರು ಕೆಲಸ ಬಿಟ್ಟು ಬಂದರು, ಸರಿ. ಆದರೆ ಅಗಮ್ ಬ್ಯಾಂಡಿನ ಗಾಯಕ ಹರೀಶ್ ಶಿವರಾಮಕೃಷ್ಣನ್ ದೊಡ್ಡ ದೊಡ್ಡ ಕಂಪನಿಗಳಲ್ಲಿ ಡಿಸೈನ್ ಕೆಲಸ ಮಾಡುತ್ತಲೇ ವರ್ಷಗಟ್ಟಲೆ ವೇದಿಕೆ ಹತ್ತಿದರು. ನ್ಯೂಯಾರ್ಕಿನ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಕಥೆ ಕೇಳಿದರಂತೂ ನಿನಗೆ ಧೈರ್ಯ ಬರುತ್ತೆ. 1976ರಲ್ಲಿ ಅವರ ಒಪೆರಾ, ಅಂದರೆ ಸಂಗೀತ ನಾಟಕ, ಆ ಊರಿನ ಹೆಸರಾಂತ ಮೆಟ್ರೊಪಾಲಿಟನ್ ಒಪೆರಾ ಹೌಸ್‌ನಲ್ಲಿ ನಡೆಯಿತು. ಅದಾದ ಮೇಲೂ ಅವರು ಟ್ಯಾಕ್ಸಿ ಓಡಿಸಿದರು. ಅದಕ್ಕೂ ಮೊದಲು ಕೊಳಾಯಿ ಕೆಲಸವನ್ನೂ ಮಾಡಿದ್ದರು. ಸಂಗೀತದಿಂದಲೇ ಹೊಟ್ಟೆ ತುಂಬುವ ಹೊತ್ತಿಗೆ ಅವರಿಗೆ 41.

ಅಷ್ಟು ದೂರ ಯಾಕೆ? ನಮ್ಮ ಕೈವಾರದ ತಾತಯ್ಯನವರು ಬಳೆ ಮಾರುತ್ತಿದ್ದವರು. ಅವರ ಪದಗಳನ್ನು ನಮ್ಮ ಕೋಲಾರದ ಕಡೆ ಇವತ್ತಿಗೂ ಭಜನೆಗಳಲ್ಲಿ ಹಾಡುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ತಮಟೆಗೆ! ಆ ಸುದ್ದಿ ಕೇಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ನಮ್ಮ ತಂಡದ ತಮಟೆ ಹುಡುಗನ ವಿಷಯ ನಿನಗೆ ಹೇಳಲೇಬೇಕು. ಅವನು ಕೋಲಾರದ ಎಪಿಎಂಸಿಯಲ್ಲಿ ಹಮಾಲಿ. ಹರಾಜು ಶುರುವಾಗುವ ಮೊದಲೇ ಟೊಮೆಟೊ ಬಾಕ್ಸ್ ಇಳಿಸಿ ಸಾಲಾಗಿ ಜೋಡಿಸಬೇಕು. ಒಂದೊಂದೂ 15 ಕೆಜಿ. ಸಂಜೆ ಪ್ರಾಕ್ಟೀಸಿಗೆ ಬಂದವನು ಮೊದಲು ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಾನೆ. ಬೆರಳಲ್ಲಿ ತಟ್ಟಿ ಕೇಳುತ್ತಾನೆ. ಸಾಲದು ಅನ್ನಿಸಿದರೆ ಇನ್ನೊಂದು ಸುತ್ತು ತಿರುಗಿಸಿ ಮತ್ತೆ ತಟ್ಟುತ್ತಾನೆ. ಚರ್ಮ ಬಿಗಿಯಾಗುವವರೆಗೂ ಕಡ್ಡಿ ಕೈಗೆ ತಗೊಳ್ಳಲ್ಲ, ನಾವು ಎಷ್ಟೇ ಅವಸರ ಮಾಡಲಿ. ಹರಾಜಿನಲ್ಲಿ ರೇಟು ಕೂಗುವವರು ಉಸಿರು ಬಿಡದೆ ಏರಿಸಿಕೊಂಡು ಹೋಗುತ್ತಾರಲ್ಲ, ಆ ಓಟವನ್ನೇ ಅವನು ತಮಟೆಗೆ ತಂದಿದ್ದಾನೆ. ನಮ್ಮ ಎರಡನೇ ಹಾಡಿಗೆ ಜನ ಎದ್ದು ಕುಣಿಯುವುದು ಅಲ್ಲೇ. ಯಾವ ಕ್ಲಾಸಿನಲ್ಲೂ ಅದನ್ನು ಹೇಳಿಕೊಡಲ್ಲ. ಡ್ರಮ್ಸ್‌ನವನು ಮದುವೆ ಬ್ಯಾಂಡ್‌ಸೆಟ್‌ನಿಂದ ಬಂದವನು, ಕೀಬೋರ್ಡಿನ ಹುಡುಗಿ ನರ್ಸಿಂಗ್ ಓದುತ್ತಿದ್ದಾಳೆ.

ಈಗ ನಿನ್ನ ಹಾಡಿಗೆ ಬರ್ತೀನಿ. ಕೊರಟಗೆರೆಯಲ್ಲಿ ಹತ್ತಿ, ಹೂವಿನ ಬುಟ್ಟಿಗೂ ಲಗೇಜ್ ಚಾರ್ಜಾ ಅಂತ ಜಗಳ ತೆಗೆಯುವ ಅಜ್ಜಿ ಇದ್ದಾಳಲ್ಲ, ನಿನ್ನ ಹಾಡುಗಳಲ್ಲಿ ನನಗೆ ಜಾಸ್ತಿ ಇಷ್ಟ ಅದೇ. ಬಸ್ಸಿನಲ್ಲಿ ನಿಂತುಕೊಂಡೇ ದಿನ ಕಳೆಯುವವನಿಗೆ ಮಾತ್ರ ಆ ಅಜ್ಜಿ ಹಾಗೆ ಸಿಗುತ್ತಾಳೆ. ಪೋಸ್ಟರ್‌ನಲ್ಲಿ ಕೆಲಸ ಮುಚ್ಚಿಟ್ಟು, ವೇದಿಕೆ ಮೇಲೆ ಆ ಹಾಡು ಹೇಗೋ ಹಾಡ್ತೀಯ?

ದುಡ್ಡಿನ ವಿಷಯವನ್ನೂ ನೇರವಾಗಿ ಹೇಳ್ತೀನಿ. ಯೂಟ್ಯೂಬ್ ಜಾಹೀರಾತಿನಿಂದ ಹಣ ಬರಬೇಕಾದರೆ ಸಾಮಾನ್ಯವಾಗಿ 1,000 ಸಬ್‌ಸ್ಕ್ರೈಬರ್ ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ನೋಡಿರಬೇಕು. ಸ್ಪಾಟಿಫೈನಲ್ಲಿ ಒಂದು ಹಾಡು ವರ್ಷಕ್ಕೆ 1,000 ಸಲ ಪ್ಲೇ ಆಗದಿದ್ದರೆ ಅದಕ್ಕೆ ಏನೂ ಇಲ್ಲ. ಅದನ್ನೆಲ್ಲ ದಾಟಿದ ಮೇಲೂ ಬರುವುದು ಚಿಲ್ಲರೆ ಕಾಸು. ಊರ ಕಾರ್ಯಕ್ರಮ ಮುಗಿಸಿದರೆ ಸೌಂಡ್ ಸಿಸ್ಟಮ್ಮಿಗೆ, ಟೆಂಪೋಗೆ ಕೊಟ್ಟು ಉಳಿದದ್ದು ನಮ್ಮದು. ತಿಂಗಳ ಸಂಬಳ ಇದ್ದರೆ ಬೇಡದ ಹಾಡಿಗೆ ಬೇಡ ಅನ್ನಬಹುದು. ಆ ಸ್ವಾತಂತ್ರ್ಯವನ್ನು ಅವಸರದಲ್ಲಿ ಕಳ್ಕೋಬೇಡ. ಸಾಹಿತ್ಯ, ರಾಗ ಎರಡೂ ನಿನ್ನವೇ ಆದ್ದರಿಂದ ಹಾಡು ಬರೆಯುವವರ, ರಾಗ ಹಾಕುವವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ ಐಪಿಆರ್‌ಎಸ್‌ಗೆ ಸದಸ್ಯನಾಗು. ಹಾಡು ಎಲ್ಲಾದರೂ ಬಳಕೆಯಾದರೆ ಅವರು ವಸೂಲಿ ಮಾಡುವ ರಾಯಲ್ಟಿಯಲ್ಲಿ ನಿನ್ನ ಪಾಲು ಇರುತ್ತೆ. ಇದನ್ನು ಮಾತ್ರ ಮುಂದೂಡಬೇಡ.

ನವೆಂಬರ್‌ನಲ್ಲಿ ಇಲ್ಲಿ ರಾಜ್ಯೋತ್ಸವಕ್ಕೆ ನಮ್ಮ ಕಾರ್ಯಕ್ರಮ ಇದೆ. ನೀನು ಬಂದು ಅಜ್ಜಿ ಹಾಡು ಹಾಡಬೇಕು. ಡ್ಯೂಟಿ ಚಾರ್ಟ್ ನೋಡಿಕೊಂಡು ಯಾವ ದಿನ ರಜೆ ಸಿಗುತ್ತೆ ಅಂತ ಬೇಗ ತಿಳಿಸು. ಪಲ್ಲವಿಯನ್ನು ಮೊಬೈಲ್‌ನಲ್ಲೇ ಹಾಡಿ ಕಳಿಸು, ತಮಟೆ ಹುಡುಗ ಕೇಳ್ತಿದ್ದಾನೆ.

ನಿನ್ನ ಗೆಳೆಯ,
ಕೋಲಾರದಿಂದ