ಚಿಲ್ಲರ್ ನಿಲ್ಲಿಸೋಕೂ 20 ನಿಮಿಷ ಕೊಡಿ

ಮಾನ್ಯ ಸಂಪಾದಕರೇ,

ಬಾಯ್ಲರಿನ ಹೆಚ್ಚುವರಿ ಉಗಿಯಿಂದ ತಣ್ಣೀರು ಮಾಡುವ ಅಬ್ಸಾರ್ಪ್ಷನ್ ಚಿಲ್ಲರ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಕರೆಂಟ್ ಉಳಿತಾಯದ ವಿಚಾರ ಚೆನ್ನಾಗಿತ್ತು. ಆದರೆ ಒಂದು ಗುಂಡಿ ಒತ್ತಿದರೆ ಶುರು, ಇನ್ನೊಂದು ಒತ್ತಿದರೆ ಬಂದ್ ಅನ್ನೋ ಸಾಲಿಗೆ ಬಂದಾಗ ನಗು ಬಂತು. 26 ವರ್ಷ ಈ ಮೆಷೀನಿನ ಪಕ್ಕದಲ್ಲಿ ಶಿಫ್ಟ್ ಮಾಡಿದವನು ನಾನು. ಶುರು ಮಾಡೋದನ್ನ ಬೇರೆಯವರು ಕಲಿಸಿಕೊಟ್ಟರು. ನಿಲ್ಲಿಸೋದನ್ನ ಪೆಟ್ಟು ತಿಂದು ಕಲಿತೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಎರಡನೇ ಪಾಳಿ ಮುಗಿಯುವ ಹೊತ್ತು. ಪ್ರೊಡಕ್ಷನ್‌ನವರು ಫೋನ್ ಮಾಡಿ ತಣ್ಣೀರು ಸಾಕು ಅಂದರು. ಕೊನೇ ಬಸ್ಸಿಗೆ ಹತ್ತು ನಿಮಿಷ ಇತ್ತು. ಸ್ಟಾಪ್ ಗುಂಡಿ ಒತ್ತಿ, ಮೆಷೀನ್ ತಾನಾಗಿ ನಿಲ್ಲುವವರೆಗೂ ಕಾಯಬೇಕಿತ್ತು. ನಾನು ಉಗಿ ವಾಲ್ವ್ ಮುಚ್ಚಿದವನೇ ಪ್ಯಾನೆಲ್‌ನ ಮೇನ್ ಸ್ವಿಚ್ ಇಳಿಸಿದೆ. ಲಾಗ್ ಬುಕ್‌ನಲ್ಲಿ '11.50, ಮೆಷೀನ್ ಬಂದ್' ಅಂತ ಬರೆದು ಸಹಿ ಹಾಕಿ ಓಡಿದೆ.

ಮರುದಿನ ಬೆಳಿಗ್ಗೆ ಕರೆ ಕಳಿಸಿದರು. ಪಂಪ್ ಓಡುತ್ತಿದೆ, ಉಗಿ ಹೋಗುತ್ತಿದೆ, ಆದರೆ ಚಿಲ್ಡ್ ವಾಟರ್, ಅಂದರೆ ನಾವು ಪ್ರೊಡಕ್ಷನ್‌ಗೆ ಕಳಿಸುವ ತಣ್ಣೀರು, 14 ಡಿಗ್ರಿಯಿಂದ ಕೆಳಗೆ ಇಳಿಯುತ್ತಿಲ್ಲ. ಉಪ್ಪಿನ ದ್ರಾವಣ ತಳ್ಳುವ ಸೊಲ್ಯೂಷನ್ ಪಂಪ್ ಒಳಗೆ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ನಮ್ಮ ಸೂಪರ್‌ವೈಸರ್ ಬೈಯಲಿಲ್ಲ. 'ಈ ಪೈಪ್ ಮುಟ್ಟಿ ನೋಡು' ಅಂದರು. ಉಗಿಯಿಂದ ದ್ರಾವಣ ಕಾಯಿಸುವ ಜನರೇಟರ್‌ನಿಂದ ಕೆಳಗೆ, ಆವಿ ಹೀರುವ ಅಬ್ಸಾರ್ಬರ್‌ಗೆ ಇಳಿಯುವ ಓವರ್‌ಫ್ಲೋ ಪೈಪ್ ಅದು. ದಿನಾ ಮುಟ್ಟಿದರೂ ಏನೂ ಅನ್ನಿಸದ ಪೈಪ್, ಅವತ್ತು ಕೈ ಸುಟ್ಟಿತು. ದ್ರಾವಣ ಬರಬೇಕಾದ ದಾರಿ ಕಟ್ಟಿಕೊಂಡು, ಮೇಲೆ ತುಂಬಿ, ಈ ಪೈಪಿನಲ್ಲಿ ಉಕ್ಕಿ ಬೀಳುತ್ತಿದೆ ಅಂತ ಅರ್ಥ. ನಮ್ಮ ಭಾಷೆಯಲ್ಲಿ, 'ಮೆಷೀನ್ ಕ್ರಿಸ್ಟಲ್ ಆಗಿದೆ'.

ಇದು ಯಾಕಾಗುತ್ತೆ ಅಂತ ಹೇಳದಿದ್ದರೆ ಓದುಗರಿಗೆ ಸುಮ್ನೆ ಕಥೆ ಅನ್ನಿಸಬಹುದು. ಈ ಮೆಷೀನಿನಲ್ಲಿ ತಂಪು ಕೊಡೋದು ಬರೀ ನೀರು. ಆ ನೀರು ಕುದಿಯುವ ಭಾಗದಲ್ಲಿ ಒತ್ತಡ ಪಾದರಸದ ಲೆಕ್ಕದಲ್ಲಿ 6-7 ಮಿಲಿಮೀಟರ್ ಅಷ್ಟೇ. ಹೊರಗಿನ ಗಾಳಿಯದು 760. ಅಷ್ಟು ಕಡಿಮೆ ಒತ್ತಡದಲ್ಲಿ ನೀರು 4-5 ಡಿಗ್ರಿಯಲ್ಲೇ ಕುದಿಯುತ್ತದೆ, ಕೊಳವೆಯೊಳಗೆ ಹರಿಯುವ ಚಿಲ್ಡ್ ವಾಟರ್‌ನ ಶಾಖ ಎಳೆದುಕೊಳ್ಳುತ್ತದೆ. ಆ ಆವಿಯನ್ನು ಹೀರಿಕೊಳ್ಳೋದು ಲಿಥಿಯಂ ಬ್ರೋಮೈಡ್ ಅನ್ನೋ ಉಪ್ಪಿನ ದ್ರಾವಣ. ಉಗಿ ಕೊಟ್ಟು ಅದರ ನೀರನ್ನು ಮತ್ತೆ ಹೊರಗೆ ಹಾಕುತ್ತೇವೆ. ಹಾಗೆ ನೀರು ಕಳೆದುಕೊಂಡ ದ್ರಾವಣದಲ್ಲಿ ಉಪ್ಪು ಶೇ 62-65ರಷ್ಟು ಇರುತ್ತದೆ. ಬಿಸಿ ಇರುವವರೆಗೆ ಹರಿಯುತ್ತದೆ. ಹಾಗೇ ಬಿಟ್ಟರೆ ರಾತ್ರಿಯೊಳಗೆ ಆರಿ, ಬಿಸಿ ದ್ರಾವಣದ ಶಾಖವನ್ನು ತಣ್ಣನೆ ದ್ರಾವಣಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಸಂದಿಯಲ್ಲಿ ಹರಳುಗಟ್ಟಿ ಕೂರುತ್ತದೆ.

ಅದಕ್ಕೇ ಉಗಿ ನಿಲ್ಲಿಸಿದ ಮೇಲೂ ಪಂಪುಗಳು ಓಡುತ್ತಾ ಇರಬೇಕು. ಗಟ್ಟಿ ದ್ರಾವಣ, ತೆಳು ದ್ರಾವಣ, ನೀರು ಎಲ್ಲಾ ಬೆರೆತು ಒಂದಾಗಬೇಕು. ಇದಕ್ಕೆ ಡೈಲ್ಯೂಷನ್ ಅಂತಾರೆ. ನಮ್ಮ ಮೆಷೀನಿಗೆ 20 ನಿಮಿಷ ಬೇಕಾಗುತ್ತಿತ್ತು. ಯಾವ ಪಂಪ್ ಎಷ್ಟು ಹೊತ್ತು ಅನ್ನೋದು ಆಯಾ ಮೆಷೀನಿನ ಪುಸ್ತಕದಲ್ಲಿರುತ್ತದೆ, ಅದನ್ನೇ ನಂಬಬೇಕು. ಈ ಹೊತ್ತಿನಲ್ಲಿ ಚಿಲ್ಡ್ ವಾಟರ್ ಪಂಪನ್ನೂ ಆರಿಸಬಾರದು. ಉಗಿ ಇಲ್ಲದಿದ್ದರೂ ಗಟ್ಟಿ ದ್ರಾವಣ ಆವಿ ಹೀರುತ್ತಲೇ ಇರುತ್ತದೆ, ಮೆಷೀನ್ ತಣ್ಣಗೆ ಮಾಡುತ್ತಲೇ ಇರುತ್ತದೆ. ಕೊಳವೆಯಲ್ಲಿ ನಿಂತ ನೀರು ಹೆಪ್ಪುಗಟ್ಟಿ ಕೊಳವೆ ಒಡೆದರೆ ಮೆಷೀನ್ ಪೂರ್ತಿ ಹೊರಗಿನ ನೀರು. ಉಗಿ ನಿಂತ ಮೇಲೆ ತಂಪು ಎಲ್ಲಿಂದ ಬರುತ್ತೆ ಅಂತ ಹೊಸಬರು ವಾದ ಮಾಡೋದು ಇಲ್ಲೇ.

ಅವತ್ತು ಹರಳು ಕರಗಿಸೋಕೆ 11 ಗಂಟೆ ಹಿಡಿಯಿತು. ಮೆಷೀನಿನ ಶಾಖ ಹೊರಗೆ ಒಯ್ಯುವ ಕೂಲಿಂಗ್ ವಾಟರ್ ನಿಲ್ಲಿಸಿ ದ್ರಾವಣ ಬಿಸಿಯಾಗಲು ಬಿಟ್ಟೆವು. ಒಳಗಿನ ನೀರನ್ನು ಅಬ್ಸಾರ್ಬರ್‌ಗೆ ಹಾಯಿಸಿ ತೆಳು ಮಾಡಿದೆವು. ಹೀಟ್ ಎಕ್ಸ್‌ಚೇಂಜರಿಗೆ ಗೋಣಿ ಸುತ್ತಿ ಹೊರಗಿನಿಂದ ಉಗಿ ಹಾಯಿಸಿದೆವು. ಉಗಿ ಪೈಪ್ ಹಿಡಿದುಕೊಂಡು ನಿಲ್ಲೋ ಕೆಲಸ ಯಾರಿಗೆ ಬಂತು ಅಂತ ಹೇಳಬೇಕಾಗಿಲ್ಲ ಅಲ್ವಾ?

ಶುರು ಮಾಡೋದರಲ್ಲಿ ಅಷ್ಟು ಗೊಂದಲ ಇಲ್ಲ. ಮೊದಲು ವ್ಯಾಕ್ಯೂಮ್ ನೋಡಬೇಕು, ರಾತ್ರಿ ಒಳಗೆ ಗಾಳಿ ಎಳೆದಿದ್ದರೆ ಪರ್ಜ್ ಮಾಡಬೇಕು, ಅಂದರೆ ಆ ಗಾಳಿಯನ್ನು ಹೊರಗೆ ಹಾಕಬೇಕು. (ಪರ್ಜ್ ಮಾಡುವಾಗ ಒಂದು ಕಟು ವಾಸನೆ ಬರುತ್ತೆ. ದ್ರಾವಣಕ್ಕೆ ಸೇರಿಸುವ ಆಕ್ಟೈಲ್ ಆಲ್ಕೋಹಾಲಿನದು. ಅಂಗಿಗೆ ಹತ್ತಿದರೆ ಮನೆಯವರಿಗೂ ನಿಮ್ಮ ಕೆಲಸ ಏನು ಅಂತ ಗೊತ್ತಾಗುತ್ತೆ.) ಆಮೇಲೆ ಚಿಲ್ಡ್ ವಾಟರ್, ಕೂಲಿಂಗ್ ವಾಟರ್, ಸೊಲ್ಯೂಷನ್ ಪಂಪ್. ಉಗಿ ಕೊನೆಗೆ. ಅದಕ್ಕೂ ಮುಂಚೆ ಲೈನಿನಲ್ಲಿ ನಿಂತ ನೀರನ್ನು ಡ್ರೈನ್ ಮಾಡಿ, ವಾಲ್ವನ್ನು ಕೂದಲೆಳೆಯಷ್ಟು ತೆರೆದು ಪೈಪ್ ಬಿಸಿಯಾಗಲು ಬಿಡಬೇಕು. ಗಡಿಬಿಡಿಯಲ್ಲಿ ಪೂರ್ತಿ ತೆರೆದರೆ ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ ಪೈಪ್ ಬಡಿಯುತ್ತದೆ. ಆ ಏಟಿಗೆ ಗ್ಯಾಸ್ಕೆಟ್ ಹಾರಿದ್ದನ್ನು ನೋಡಿದ್ದೇನೆ. ಅಲ್ಲಿ ಮನುಷ್ಯ ನಿಂತಿರಲಿಲ್ಲ, ಪುಣ್ಯ.

ಇನ್ನೊಂದು ಕಡೆ ನೋಡಿದ್ದನ್ನೂ ಹೇಳಿಬಿಡುತ್ತೇನೆ. ಚಿಲ್ಡ್ ವಾಟರ್ ಹರಿವು ನಿಂತರೆ ಮೆಷೀನ್ ಟ್ರಿಪ್ ಮಾಡುವ ಫ್ಲೋ ಸ್ವಿಚ್‌ಗೆ ತಂತಿ ಹಾಕಿ ಬೈಪಾಸ್ ಮಾಡಿದ್ದರು. ಕೇಳಿದರೆ, 'ಸುಮ್ ಸುಮ್ನೆ ಟ್ರಿಪ್ ಆಗುತ್ತೆ ಸಾರ್' ಅಂದರು. ತಂತಿ ಕಿತ್ತು, ನೀರಿನ ಲೈನಿನಲ್ಲಿ ಕಸ ಹಿಡಿಯುವ ಜರಡಿ, ಸ್ಟ್ರೈನರ್ ಬಿಚ್ಚಿಸಿದೆ. ಅಂಗೈ ತುಂಬ ತುಕ್ಕು, ವೆಲ್ಡಿಂಗ್ ಚೂರು. ಸ್ವಿಚ್ ಸರಿಯಾಗೇ ಇತ್ತು.

ಈ ಪತ್ರ ಆಪರೇಟರ್‌ಗಳಿಗಿಂತ ಜಾಸ್ತಿ ಅವರ ಮೇಲಿನವರಿಗೆ. 12ಕ್ಕೆ ಪಾಳಿ ಮುಗಿಯುತ್ತೆ ಅಂದರೆ ತಣ್ಣೀರಿನ ಬೇಡಿಕೆ 11.30ಕ್ಕಾದರೂ ನಿಲ್ಲಬೇಕು. ಇಲ್ಲವಾದರೆ ನಿಂತು ಕಾದವನಿಗೆ ಆ ಹೊತ್ತನ್ನೂ ಕೆಲಸ ಅಂತ ಲೆಕ್ಕ ಹಾಕಿ. ಇನ್ನೊಂದು, ಕರೆಂಟ್ ಹೋದಾಗ ಉಗಿ ವಾಲ್ವ್ ತಾನಾಗಿ ಮುಚ್ಚುವ ಹಾಗಿರಬೇಕು, ಡೈಲ್ಯೂಷನ್‌ಗೆ ಬೇಕಾದ ಪಂಪುಗಳು ಡೀಸೆಲ್ ಜನರೇಟರ್ ಮೇಲೆ ಓಡುವ ಹಾಗಿರಬೇಕು. ಆಫೀಸಿನ ದೀಪ, ಏಸಿ ಎಲ್ಲಾ ಜನರೇಟರ್ ಮೇಲಿದ್ದು, ಸೊಲ್ಯೂಷನ್ ಪಂಪ್ ಮಾತ್ರ ಕತ್ತಲಲ್ಲಿ ನಿಂತಿದ್ದನ್ನು ನೋಡಿದವನು ನಾನು.

ನಾನು ಶಿಫ್ಟ್ ಇನ್‌ಚಾರ್ಜ್ ಆದ ಮೇಲೆ ಲಾಗ್ ಬುಕ್‌ನಲ್ಲಿ 'ಮೆಷೀನ್ ಬಂದ್' ಅನ್ನೋ ಕಾಲಂ ತೆಗೆಸಿ ಎರಡು ಕಾಲಂ ಮಾಡಿಸಿದೆ: 'ಉಗಿ ಬಂದ್', 'ಪಂಪ್ ಬಂದ್'. ಬೆಳಿಗ್ಗೆ ಮೊದಲು ನೋಡುತ್ತಿದ್ದುದು ಅದನ್ನೇ. ಎರಡರಲ್ಲೂ ಒಂದೇ ಟೈಮ್ ಬರೆದಿದ್ದರೆ, ರಾತ್ರಿ ಯಾರೋ ಬಸ್ ಹಿಡಿಯೋಕೆ ಓಡಿದ್ದಾರೆ ಅಂತ ತಿಳಿದು, ಉಗಿ ಬಿಡೋಕೆ ಮುಂಚೆ ಪಂಪುಗಳನ್ನಷ್ಟೇ ಓಡಿಸಿ ಅರ್ಧ ಗಂಟೆ ಕಾಯುತ್ತಿದ್ದೆ.

ಇಂತಿ,
ಒಬ್ಬ ನಿವೃತ್ತ ಚಿಲ್ಲರ್ ಆಪರೇಟರ್