ಹೊಸ ಪರ್ಗೋಲಾ ಪಕ್ಕಕ್ಕೆ ಅಲ್ಲಾಡುತ್ತಿದೆ, ಸ್ಕ್ರೂ ಬೇಡ, ಓರೆಪಟ್ಟಿ ಹಾಕಿಕೊಡಿ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಹಿತ್ತಲಿನ ಮರದ ಪರ್ಗೋಲಾ ಅಲ್ಲಾಡುತ್ತಿರುವ ಬಗ್ಗೆ ಎರಡನೇ ದೂರು

ಮಾನ್ಯರೇ,

ಕಳೆದ ಫೆಬ್ರವರಿಯಲ್ಲಿ ನಿಮ್ಮ ಹುಡುಗರು ಶಿವಮೊಗ್ಗದ ನಮ್ಮ ಮನೆಯ ಹಿತ್ತಲಲ್ಲಿ ಹತ್ತಡಿಗೆ ಹನ್ನೆರಡಡಿಯ ಪರ್ಗೋಲಾ, ಅಂದರೆ ಕಂಬದ ಮೇಲೆ ತೊಲೆ ಕೂರಿಸಿದ ಮರದ ಚಪ್ಪರ, ನಿಲ್ಲಿಸಿ ಹೋದರು. 86,000 ರೂಪಾಯಿ, ಪೂರ್ತಿ ಕೊಟ್ಟಾಗಿದೆ. ನೋಡಲಿಕ್ಕೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಪಾಲಿಶ್ ಕೂಡ ಅಚ್ಚುಕಟ್ಟು. ಆದರೆ ಒಂದು ಕಂಬಕ್ಕೆ ಅಂಗೈ ಇಟ್ಟು ಮೆಲ್ಲಗೆ ತಳ್ಳಿದರೆ ಸಾಕು, ಇಡೀ ಚೌಕಟ್ಟು ಪಕ್ಕಕ್ಕೆ ವಾಲಿ ವಾಪಸ್ ಬರುತ್ತದೆ. ಪಕ್ಕದಲ್ಲಿ ಏಣಿ ನಿಲ್ಲಿಸಿ ಟೇಪು ಹಿಡಿದು ಅಳೆದೆ. ಮೇಲಿನ ತೊಲೆಯ ಹತ್ತಿರ ಅತ್ತ ಇತ್ತ ಸೇರಿ ಎರಡೂವರೆ ಇಂಚು!

ಫೋನ್ ಮಾಡಿದಾಗ ನಿಮ್ಮವರು ಹೇಳಿದ್ದು, "ಮರ ಅಂದಮೇಲೆ ಸ್ವಲ್ಪ ಅಲ್ಲಾಡುತ್ತೆ ಮೇಡಂ." ನಮ್ಮ ಮನೆಯ ಮಂಚವೂ ಮರದ್ದೇ. ಅದು ಅಲ್ಲಾಡಲ್ಲ.

ಏಪ್ರಿಲ್‌ನಲ್ಲಿ ಇಬ್ಬರು ಬಂದು ಪ್ರತಿ ಮೂಲೆಗೂ ಎಲ್ ಆಕಾರದ ಸಣ್ಣ ಲೋಹದ ಆಂಗಲ್ ಇಟ್ಟು ಇನ್ನಷ್ಟು ಸ್ಕ್ರೂ ಬಿಗಿದು ಹೋದರು. ಎಂಟು ದಿನ ಗಟ್ಟಿಯಾಗಿತ್ತು, ಮತ್ತೆ ಅದೇ ಕಥೆ. ಆಮೇಲೆ ನಾನೇ ಏಣಿ ಹತ್ತಿ ನೋಡಿದೆ. ಕಂಬಕ್ಕೂ ತೊಲೆಗೂ ನಡುವೆ ಸಂದು ಬಿಟ್ಟಿದೆ. ಒಂದು ರೂಪಾಯಿ ನಾಣ್ಯ ಸಲೀಸಾಗಿ ಒಳಗೆ ಹೋಯಿತು. ಒಣಗಿದ ಮರ ಹಾಕುತ್ತೇವೆ ಅಂತ ಕೊಟೇಶನ್ನಿನಲ್ಲಿ ಬರೆದಿದ್ದೀರಿ. ಹಸಿ ಆರದ ಮರ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಆಗ ಎಷ್ಟು ಬಿಗಿದ ಸ್ಕ್ರೂ ಆದರೂ ಸಡಿಲ ಆಗುತ್ತದೆ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು, ಅಲ್ವಾ?

ಆದರೆ ಇದು ಸ್ಕ್ರೂ ಬಿಗಿದರೆ ಹೋಗುವ ತೊಂದರೆ ಅಲ್ಲ. ನಮ್ಮ ಅಜ್ಜಿ ಮನೆ ತೀರ್ಥಹಳ್ಳಿ ಕಡೆ. ಅಲ್ಲಿ ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಅಂಗಳಕ್ಕೆ ಚಪ್ಪರ ಹಾಕುತ್ತಿದ್ದರು. ಅಡಿಕೆ ಮರದ ಕಂಬ, ಹಗ್ಗದ ಕಟ್ಟು, ಒಂದು ಸ್ಕ್ರೂ ಇರಲಿಲ್ಲ. ಆದರೂ ಅಲ್ಲಾಡುತ್ತಿರಲಿಲ್ಲ, ಯಾಕೆಂದರೆ ಕಂಬವನ್ನು ಒಂದೂವರೆ ಎರಡು ಅಡಿ ಗುಂಡಿ ತೋಡಿ ಹೂಳುತ್ತಿದ್ದರು. ಹಿಡಿತ ಎಲ್ಲ ಬುಡದಲ್ಲೇ ಇತ್ತು. ನೀವು ಮಾಡಿದ್ದು ಬೇರೆ. ಕಾಂಕ್ರೀಟಿನ ಮೇಲೆ ಬೇಸ್ ಪ್ಲೇಟ್ ಇಟ್ಟು ಬೋಲ್ಟ್ ಹೊಡೆದು ಕಂಬ ನಿಲ್ಲಿಸಿದ್ದೀರಿ. ತಪ್ಪಲ್ಲ, ಹಾಗೆ ಮಾಡಿದರೆ ಬುಡಕ್ಕೆ ನೀರು, ಗೆದ್ದಲು ಕಮ್ಮಿ. ಆದರೆ ಅಷ್ಟು ಚಿಕ್ಕ ಪ್ಲೇಟು ಎಂಟಡಿ ಕಂಬವನ್ನು ವಾಲದ ಹಾಗೆ ಹಿಡಿಯಲಾರದು. ಆ ಕೆಲಸವನ್ನು ಮೇಲಿನ ಮೂಲೆಗಳು ಮಾಡಬೇಕು. ಅಲ್ಲಿ ಸ್ಕ್ರೂ, ಆಂಗಲ್ ಬಿಟ್ಟರೆ ನೀವು ಏನೂ ಕೊಟ್ಟಿಲ್ಲ.

ಮರದ ಗೇಟಿನ ಹಿಂದೆ ಓರೆಯಾಗಿ ಒಂದು ಪಟ್ಟಿ ಇರುತ್ತದಲ್ಲ, ಅದು ಚೆಂದಕ್ಕಲ್ಲ. ನಾಲ್ಕು ಮೂಲೆಯ ಚೌಕಟ್ಟು ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಮೂರು ಮೂಲೆಯದ್ದು ಮಡಚುವುದಿಲ್ಲ; ಓರೆಪಟ್ಟಿ ಹಾಕಿದರೆ ಆ ಮೂರು ಮೂಲೆ ಆಗುತ್ತದೆ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ನಮ್ಮ ಬೀದಿಯ ಆಚಾರ್ರನ್ನು ಕರೆದು ಹಿಂದಿನ ಎರಡು ಕಂಬಗಳಿಂದ ಮೇಲಿನ ತೊಲೆಗೆ ಎರಡು ರೀಪರ್ ತುಂಡು ಓರೆಯಾಗಿ ಹೊಡೆಸಿ ನೋಡಿದೆ. ಉದ್ದಕ್ಕೆ ತಳ್ಳಿದರೆ ಈಗ ಕದಲುವುದಿಲ್ಲ. ಅಡ್ಡಕ್ಕೆ ತಳ್ಳಿದರೆ ಮೊದಲಿನ ಹಾಗೇ ತೂಗುತ್ತದೆ. ಅಂದರೆ ಎರಡೂ ಕಡೆಗೆ ಬೇಕು. ಎರಡು ತುಂಡು ರೀಪರಿಗೆ ಆಗಿದ್ದು ನಿಮ್ಮ ನಲವತ್ತು ಸ್ಕ್ರೂಗೆ ಆಗಲಿಲ್ಲ.

ಓರೆಪಟ್ಟಿ ಹಾಕಿದರೆ ಲುಕ್ ಹೋಗುತ್ತದೆ ಅಂತ ನಿಮ್ಮ ಸೂಪರ್‌ವೈಸರ್ ಹೇಳಿದರು. ನೀವು ನನಗೆ ಕೊಟ್ಟ ಬ್ರೋಷರಿನ ಮುಖಪುಟ ಒಮ್ಮೆ ನೋಡಿ. ಆ ಚಿತ್ರದಲ್ಲಿ ಪ್ರತಿ ಮೂಲೆಯಲ್ಲೂ ಓರೆಪಟ್ಟಿ ಇದೆ!

ಇನ್ನೊಂದು ವಿಷಯ. ಇದಕ್ಕೆ ಜೋಕಾಲಿ ಕಟ್ಟಬಹುದು ಅಂತ ಹೇಳಿ ತೊಲೆಗೆ ಎರಡು ಕೊಕ್ಕೆ ಹಾಕಿಕೊಟ್ಟವರು ನೀವೇ. ಜೋಕಾಲಿ ಪ್ರತಿ ಸಲ ತೊಲೆಯನ್ನು ಪಕ್ಕಕ್ಕೇ ಎಳೆಯುತ್ತದೆ. ಮೊಮ್ಮಗಳು ರಜೆಯಿಡೀ ಅದರ ಕೆಳಗೆ ನಿಂತು ಕೇಳಿದಳು, ನಾನು ಕೂರಿಸಲಿಲ್ಲ. ಮಧುಮಾಲತಿ ಬಳ್ಳಿಯೂ ಮೇಲೆ ಹಬ್ಬುತ್ತಿದೆ. ಮಳೆಯಲ್ಲಿ ಅದು ನೆನೆದು, ಗಾಳಿಯೂ ಸೇರಿದರೆ ಏನಾಗುತ್ತದೋ ನೋಡುವ ಧೈರ್ಯ ನನಗಿಲ್ಲ.

ನನಗೆ ಹಣ ವಾಪಸ್ ಬೇಡ. ನಾಲ್ಕು ಕಂಬಕ್ಕೂ ಎರಡೆರಡರಂತೆ ಎಂಟು ಓರೆಪಟ್ಟಿ ಹಾಕಿಕೊಡಿ. ಮೂಲೆಯಿಂದ ಎರಡೂವರೆ ಅಡಿ ಕೆಳಗೆ, ಅಷ್ಟೇ ಪಕ್ಕಕ್ಕೆ ಬರಲಿ. ಸ್ಕ್ರೂ ಬೇಡ, ಆಚೆ ಈಚೆ ತೂರುವ ಅರ್ಧ ಇಂಚಿನ ಬೋಲ್ಟ್, ಎರಡೂ ಕಡೆ ವಾಷರ್ ಹಾಕಿ. ಮುಂದೆ ಮರ ಇನ್ನೂ ಕುಗ್ಗಿದರೆ ನಾನೇ ಸ್ಪ್ಯಾನರ್ ಹಿಡಿದು ಬಿಗಿದುಕೊಳ್ಳುತ್ತೇನೆ. ಕಂಬದ ಬುಡದ ಬೋಲ್ಟುಗಳನ್ನೂ ಒಮ್ಮೆ ನೋಡಿ, ಈಶಾನ್ಯದ ಕಂಬದ್ದು ಕೈಯಲ್ಲೇ ತಿರುಗುತ್ತಿದೆ. ಇದಕ್ಕೆಲ್ಲ ಬೇರೆ ಹಣ ಕೊಡುವುದಿಲ್ಲ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟು, ಅಗತ್ಯ ಬಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ ಅಂತ ವಿಚಾರಿಸಿಕೊಂಡಿದ್ದೇನೆ. ಅಲ್ಲಿವರೆಗೆ ಹೋಗುವ ಆಸೆ ನನಗೇನೂ ಇಲ್ಲ.

ಬಿಲ್ಲು, ಕೊಟೇಶನ್, ಸಂದಿನಲ್ಲಿ ನಾಣ್ಯ ಸಿಕ್ಕಿಸಿದ ಫೋಟೋ, ಕಂಬ ತಳ್ಳಿದಾಗ ತೆಗೆದ ವಿಡಿಯೋ ಜೊತೆಗಿಟ್ಟಿದ್ದೇನೆ. ಬರುವ ಹಿಂದಿನ ದಿನ ಫೋನ್ ಮಾಡಿ, ಬಳ್ಳಿಯನ್ನು ಬಿಡಿಸಿ ಪಕ್ಕಕ್ಕೆ ಕಟ್ಟಿಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ಶಿವಮೊಗ್ಗ